ಮರವಜ್ರ ಕೇಳಿಸಿಕೊಂಡದ್ದು

ಸೋಮಾಚಾರಿ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕೇಂದ್ರಕ್ಕೆ ಬಂದು, ಚಪ್ಪಲಿ ಕಳಚಿ, ಮೊಬೈಲನ್ನು ಬಾಗಿಲಲ್ಲಿ ಒಪ್ಪಿಸಿ, ಕೈ ತೊಳೆದು, ಆಮೇಲೆ ತನ್ನ ಬಾಯಿಗೆ ತಾನೇ ಟೇಪು ಅಂಟಿಸಿಕೊಳ್ಳುತ್ತಿದ್ದ. ಉಸಿರಿನ ಸದ್ದೂ ಹೊರಗೆ ಬರಬಾರದೆಂದು ಮೂಗಿಗೆ ಹತ್ತಿಯ ಮುಸುಕು ಬೇರೆ. ಮುರಿದ ಪಿಟೀಲನ್ನು ಸೇರಿಸುವವನು ಬಾಯಿ ಕಟ್ಟಿಕೊಂಡೇ ಸೇರಿಸಬೇಕು ಎಂಬ ನಿಯಮ ಬಂದು ಆರು ವರ್ಷವಾಗಿತ್ತು.

ಇದಕ್ಕೆಲ್ಲ ಕಾರಣ ಅಂಟುಗಿವಿ.

ಪಿಟೀಲನ್ನು ಕೂಡಿಸುವುದು ಮೊಳೆಯಿಂದಲ್ಲ, ಅಂಟಿನಿಂದ. ಚರ್ಮ ಕುದಿಸಿ ಬಸಿದ ಅಂಟು. ಇಟಲಿಯವರು ಅದಕ್ಕೆ ಏನನ್ನುತ್ತಾರೋ ಏನೋ, ಮೈಸೂರಿನ ಆಚಾರಿಗಳು ಮರವಜ್ರ ಅನ್ನುತ್ತಾರೆ. ಬಿಸಿಯಾಗಿದ್ದಾಗ ಪಾಯಸದ ಹಾಗೆ ಹರಿಯುತ್ತದೆ. ಮರಕ್ಕೆ ಹಚ್ಚಿದ ಅರ್ಧ ನಿಮಿಷಕ್ಕೆ ಹೆಪ್ಪುಗಟ್ಟುತ್ತದೆ. ಆ ಅರ್ಧ ನಿಮಿಷದಲ್ಲಿ ಯಾರಾದರೂ ಮಾತಾಡಿದರೆ ಗಾಳಿ ನಡುಗುತ್ತದೆ, ಮರ ನಡುಗುತ್ತದೆ, ಅಂಟಿನ ಎಳೆಗಳು ನಡುಗುತ್ತ ನಡುಗುತ್ತಲೇ ಗಟ್ಟಿಯಾಗುತ್ತವೆ. ಹಸಿ ಸಿಮೆಂಟಿನ ಮೇಲೆ ನಾಯಿ ನಡೆದ ಹಾಗೆ. ನಾಯಿ ಹೋಗುತ್ತದೆ, ಹೆಜ್ಜೆ ಉಳಿಯುತ್ತದೆ. ಡಾಕ್ಟರ್ ವಸುಧಾ ಐತಾಳ ಎಂಬ ವಿಜ್ಞಾನಿ ಆ ಹೆಜ್ಜೆಗಳನ್ನು ಕಿರಣ ಹಾಯಿಸಿ ಓದಿ, ಮತ್ತೆ ಸದ್ದಾಗಿಸುವ ಈ ಅಂಟುಗಿವಿ ಯಂತ್ರವನ್ನು ಕಟ್ಟಿದರು. ಒಂದು ಅಂಟನ್ನು ಒಂದೇ ಸಲ ಓದಬಹುದು. ಎರಡನೆಯ ಸಲ ಕಿರಣ ತಾಗಿದರೆ ಅಂಟು ಕಾದು ಎಳೆಗಳೆಲ್ಲ ಕಲಸಿಹೋಗುತ್ತವೆ.

ಮೊದಮೊದಲು ಜನ ಬೆರಗಾದರು. ಮುನ್ನೂರು ವರ್ಷದ ಹಿಂದೆ ಸತ್ತ ಇಟಲಿಯ ಕುಶಲಕರ್ಮಿಗಳು ಕೆಮ್ಮಿದ್ದು, ಬೈದದ್ದು, ಗುನುಗಿದ್ದು ಕೇಳಿಸತೊಡಗಿತು. ಆಮೇಲೆ ಬೆರಗು ಹೋಗಿ ಮಡಿ ಬಂತು. ಯಾವ ಪಿಟೀಲಿನೊಳಗೆ ಮೂಲ ಕರ್ತೃವಿನ ದನಿ ಬಿಟ್ಟು ಬೇರೆ ದನಿ ಇಲ್ಲವೋ ಅದು 'ಶುದ್ಧ'. ಆಮೇಲಿನ ರಿಪೇರಿಯವನ ಒಂದು ಸೀನು ಸಿಕ್ಕರೂ ಅದು 'ಕಲಬೆರಕೆ'. ಸಂಗೀತ ಸಭೆಗಳು ಕಛೇರಿಯ ಕರಪತ್ರದಲ್ಲಿ ವಿದ್ವಾಂಸರ ಹೆಸರಿಗಿಂತ ದೊಡ್ಡದಾಗಿ ಪಿಟೀಲಿನ ಶುದ್ಧಪತ್ರದ ನಂಬರು ಹಾಕಿದವು. ಕಳ್ಳರೇನು ಸುಮ್ಮನಿದ್ದರೇ? ನಾಟಕದವರಿಂದ ಇಟಲಿ ಭಾಷೆ ಆಡಿಸಿ ಹೊಸ ಅಂಟಿಗೆ ಕುಡಿಸಿದರು. ಅಂಥ ಒಂದು ಪಿಟೀಲಿನಲ್ಲಿ ಮುನ್ನೂರು ವರ್ಷ ಹಳೆಯ ಪ್ರಾರ್ಥನೆಯ ಹಿಂದೆ ಸ್ಕೂಟರ್ ಹಾರನ್ ಕೇಳಿಸಿ ಸಿಕ್ಕಿಬಿದ್ದರು.

ಹೊಟ್ಟೆಗೆ ಏಟು ಬಿದ್ದದ್ದು ಮಾತ್ರ ಆಚಾರಿಗಳಿಗೆ. ಒಡೆದ ಪಿಟೀಲನ್ನು ರಿಪೇರಿಗೆ ಕೊಟ್ಟು ಕೆಡಿಸಿಕೊಳ್ಳುವುದಕ್ಕಿಂತ ದಾರ ಸುತ್ತಿಕೊಂಡು ಬಾರಿಸುವುದೇ ಮರ್ಯಾದೆ ಎಂದು ಜನ ತೀರ್ಮಾನಿಸಿದರು. ನಾಲ್ಕು ತಲೆಮಾರು ವೀಣೆ ಕೊರೆದು, ಪಿಟೀಲು ಕೂಡಿಸಿ ಬದುಕಿದ್ದ ಸೋಮನ ಮನೆಯ ಮುಂಗಟ್ಟು ಮುಚ್ಚಿತು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದಿದ್ದವನು ಅವನು. ಬೇರೆ ಕೆಲಸ ಬಾರದು. ಕೊನೆಗೆ ಅಂಟುಗಿವಿಯ ಕೇಂದ್ರದಲ್ಲೇ ಕೆಲಸ ಸಿಕ್ಕಿತು. ಓದುವ ಮೊದಲು ಪಿಟೀಲಿನ ಹಲಗೆ ಬಿಚ್ಚಿಕೊಡುವುದು, ಓದಿದ ಮೇಲೆ ಸದ್ದಿಲ್ಲದೆ ಮುಚ್ಚುವುದು.

"ಬಾಯಿಗೆ ಟೇಪು ಹಾಕ್ಕೊಂಡು ಸಂಬಳ ತರೋ ಗಂಡ ಎಷ್ಟು ಜನಕ್ಕೆ ಸಿಗ್ತಾನೆ ಹೇಳಿ?" ಎಂದು ಅವನ ಹೆಂಡತಿ ಇಂದ್ರಾಣಿ ನಗುತ್ತಿದ್ದಳು. ಸೋಮ ನಗುತ್ತಿರಲಿಲ್ಲ. ಸಂಜೆ ಟೇಪು ಕಿತ್ತಾಗ ಮೀಸೆಯ ಕೂದಲು ಅದರ ಜೊತೆ ಬರುತ್ತಿತ್ತು. ಯಾವನೋ ಮುದುಕ ಕೆಮ್ಮಿದರೆ ಕೈ ಮುಗಿಯುತ್ತಾರೆ. ನಾವು ಉಸಿರು ಬಿಟ್ಟರೆ ಮೈಲಿಗೆ. ಈ ಮಾತು ಅವನ ಎದೆಯಲ್ಲಿ ದಿನವಿಡೀ ಕುದಿಯುತ್ತಿತ್ತು, ಒಲೆಯ ಮೇಲಿನ ಮರವಜ್ರದ ಗಡಿಗೆಯ ಹಾಗೆ.

ಹೀಗಿರುವಾಗ ಒಂದು ದಿನ 'ಬೆಳ್ಳಿಗಂಟಲು' ಕೇಂದ್ರಕ್ಕೆ ಬಂತು.

ಆ ಹೆಸರು ಗೊತ್ತಿಲ್ಲದ ಸಂಗೀತಗಾರ ಆ ಸೀಮೆಯಲ್ಲಿರಲಿಲ್ಲ. ಇಟಲಿಯಲ್ಲಿ ಹುಟ್ಟಿ, ಯಾರೋ ಜಮೀನ್ದಾರರ ಸಂಗಡ ಹಡಗಿನಲ್ಲಿ ಬಂದು, ಪಿಟೀಲು ತಿರುಮಲರಾಯರ ಕೈ ಸೇರಿದ ವಾದ್ಯ. ರಾಯರು ಎಂಬತ್ತು ವರ್ಷದ ಹಿಂದೆ ಆರು ತಿಂಗಳು ಕಾಶಿಯಾತ್ರೆ ಮಾಡಿ ಬಂದರಂತೆ. ಹೋಗುವಾಗ ಎಲ್ಲ ಪಿಟೀಲಿನ ಹಾಗಿದ್ದದ್ದು, ಬಂದ ಮೇಲೆ ಬೆಳ್ಳಿ ತಟ್ಟೆಯ ಮೇಲೆ ಜೇನು ಸುರಿದಂತೆ ನುಡಿಯಿತಂತೆ. ವಿಶ್ವನಾಥನ ಪ್ರಸಾದ ಎಂದರು ಜನ. ಆಚಾರಿಯ ಉಳಿ ಸೋಕದ ವಾದ್ಯ ಎಂದು ರಾಯರ ಮನೆಯವರು ಮೂರು ತಲೆಮಾರು ಹೇಳಿಕೊಂಡು ಬಂದರು. ಈಗ ಅದನ್ನು ನುಡಿಸುತ್ತಿದ್ದವರು ಮೊಮ್ಮಗ ಪ್ರಹ್ಲಾದರಾಯರು. ಅರವತ್ತೈದು ದಾಟಿದವರು, ಬೆರಳಲ್ಲಿ ಇನ್ನೂ ಮಿಂಚಿತ್ತು. ಮುಂದಿನ ತಿಂಗಳು ಪುರಭವನದಲ್ಲಿ ತಾತನ ನೆನಪಿನ ಕಛೇರಿ. ಅಷ್ಟರಲ್ಲಿ ಶುದ್ಧಪತ್ರ ಬೇಕಿತ್ತು.

ಗಾಜಿನ ಆಚೆ ರಾಯರು ಶಾಲು ಹೊದ್ದು ಕೂತರು. ಈಚೆ ವಸುಧಾ ಯಂತ್ರದ ಮುಂದೆ. ಸೋಮ ಮೇಲ್ಹಲಗೆ ಎಬ್ಬಿಸಿಕೊಟ್ಟು ಮೂಲೆಯಲ್ಲಿ ನಿಂತ.

ಮೊದಲು ಕತ್ತಿನ ಬುಡದ ಕೂಡಿಕೆ. ಸ್ಪೀಕರಿನಲ್ಲಿ ಗೊರಗೊರ. ಆಮೇಲೆ ಒಂದು ಕೆಮ್ಮು, ಇಟಲಿ ಮಾತಿನ ಒಂದೆರಡು ತುಣುಕು. ರಾಯರು ಎದ್ದು ನಿಂತು ಕೈ ಮುಗಿದರು. ಕಣ್ಣು ಒದ್ದೆಯಾಗಿತ್ತು.

ಆಮೇಲೆ ಹೊಟ್ಟೆಯೊಳಗಿನ ದಬ್ಬೆ. ಮೇಲ್ಹಲಗೆಯ ಅಡಿಗೆ ಉದ್ದಕ್ಕೆ ಅಂಟಿಸುವ ಗೇಣು ಮೀರಿದ ಮರದ ಪಟ್ಟಿ ಅದು. ಹೊರಗೆ ಕಾಣುವುದಿಲ್ಲ. ಆದರೆ ಪಿಟೀಲಿನ ದನಿಗೆ ಬೆನ್ನೆಲುಬು ಅದೇ.

ಟಕ್ ಟಕ್ ಟಕ್. ಟಕ್ ಟಕ್ ಟಕ್ ಟಕ್.

ಸೋಮ ಬೆರಳು ಮಡಿಸಿ ಎಣಿಸಿದ. ತಕಿಟ ತಕಧಿಮಿ. ಏಳು ತಟ್ಟು. ಅವನ ತಾತ ಕಾಳಾಚಾರಿಗೆ ಅಕ್ಷರ ಬರುತ್ತಿರಲಿಲ್ಲ. ಅಂಟು ಹಚ್ಚಿ ಕ್ಲಾಂಪು ಬಿಗಿಯುವ ಮುಂಚೆ ಮರದ ಮೇಲೆ ಬೆರಳ ಗೆಣ್ಣಿನಿಂದ ಹೀಗೆ ಏಳು ಸಲ ತಟ್ಟುವುದೇ ಆತನ ರುಜು. ಅಪ್ಪನಿಗೂ ಅದೇ ರೂಢಿ, ಸೋಮನಿಗೂ ಅದೇ. ಬೇರೆ ಯಾವ ಆಚಾರಿಯೂ ಹಾಗೆ ತಟ್ಟಿದ್ದನ್ನು ಅವನು ಕೇಳಿರಲಿಲ್ಲ.

ಸ್ಪೀಕರಿನಲ್ಲಿ ಈಗ ಒಂದು ಕೂಸು ಕಿರುಚಿ ಅಳುತ್ತಿತ್ತು. ಹಿಂದೆಯೇ ಒಂದು ಹೆಣ್ಣು ದನಿ:

"ಮಗ ಅಷ್ಟೊತ್ತಿಂದ ಬಾಯಿ ಬಡ್ಕೊತಾ ಅದೆ. ಎತ್ಕೊಳಿ. ನಿಮ್ಮಂಟು ಎಲ್ಲೂ ಓಡೋಗಲ್ಲ."

"ಎರಡು ಕೈನೂ ಇದರಾಗೇ ಅದೆ ಕಣೆ. ಈಗ ಬಿಟ್ರೆ ರಾಯರ ಪಿಟೀಲಿನ ಕಥೆ ಮುಗೀತು."

"ಅಯ್ಯ! ರಾಯರ ಪಿಟೀಲು ನಿಮ್ಮ ಮಗನ್ಗಿಂತ ಚೆನ್ನಾಗಿ ಅಳ್ತದಾ?"

ಒಂದು ನಗು ಶುರುವಾಯಿತು. ನಡುವೆಯೇ ನಿಂತಿತು. ಅಂಟು ಹೆಪ್ಪುಗಟ್ಟಿತ್ತು.

ಪ್ರಹ್ಲಾದರಾಯರ ಮುಖ ಸುಣ್ಣವಾಯಿತು. "ಇದು... ಬೇರೆ ಯಾವುದೋ ಪಿಟೀಲಿನ ಸದ್ದು ಸೇರಿಕೊಂಡಿದೆ, ಡಾಕ್ಟ್ರೇ."

ವಸುಧಾ ಪರದೆ ನೋಡಿ ಮೆಲ್ಲಗೆ ಹೇಳಿದರು: "ದಬ್ಬೆ ಹಲಸಿನ ಮರದ್ದು ರಾಯರೇ. ಇಟಲಿಯವರು ಹಾಕೋದು ಸ್ಪ್ರೂಸ್ ಮರ. ಅವರ ಕ್ರೆಮೋನಾ ಊರಲ್ಲಿ ಹಲಸು ಬೆಳೆಯಲ್ಲ."

ಮೂಲೆಯಲ್ಲಿ ಸೋಮ ಟೇಪಿನೊಳಗೆ ಏನೋ ಅಂದ. ಯಾರಿಗೂ ಕೇಳಲಿಲ್ಲ.

ಮನೆಯಲ್ಲಿ ಅವನ ಅಪ್ಪ ಪುಟ್ಟಾಚಾರಿ ಜಗಲಿಯ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದ. ಎಂಬತ್ತು ವರ್ಷ, ಕೈ ನಡುಗುತ್ತದೆ, ಕಾಳು ಮಾತ್ರ ಗುರಿ ತಪ್ಪದೆ ಪಾತ್ರೆಗೆ ಬೀಳುತ್ತದೆ. ಸೋಮ ಎದುರಿಗೆ ಕುಕ್ಕರಗಾಲಲ್ಲಿ ಕೂತು ಹಲಗೆಯ ಮೇಲೆ ಏಳು ಸಲ ತಟ್ಟಿದ.

"ಬೆಳ್ಳಿಗಂಟಲಿನ ಹೊಟ್ಟೇಲಿ ಇದು ಹೆಂಗೆ ಬಂತಪ್ಪ?"

ಮುದುಕನ ಕೈ ನಿಂತಿತು. "ಕಾಶಿಗೂ ಹೋಗಿರ್ಲಿಲ್ಲ, ಗಯೆಗೂ ಹೋಗಿರ್ಲಿಲ್ಲ ಕಣಪ್ಪ ರಾಯರು. ನಂಜನಗೂಡು ರಸ್ತೇಲಿ ಜಟಕಾ ಮಗುಚ್ತು. ಪಿಟೀಲಿನ ಹಲಗೆ ಎದ್ದೋಗಿ ದಬ್ಬೆ ಎರಡಾಯ್ತು. ನಮ್ಮಪ್ಪ ವೀಣೆಗೆ ತಂದಿದ್ದ ಹಲಸಿನ ಕೊರಡಲ್ಲಿ ದಬ್ಬೆ ಕೊರೆದ. ಒಂದಲ್ಲ, ಇಪ್ಪತ್ತೆರಡು ಕೊರೆದು ಎಸೆದ್ನಂತೆ. ಇಪ್ಪತ್ಮೂರನೇದು ಕೂತ್ಕೊಂತು. ಆರು ತಿಂಗಳು ರಾಯರು ಅವರ ಮಾವನ ಮನೇಲಿ ಅಡಗಿದ್ರು."

"ಅದನ್ನ ಯಾಕಪ್ಪ ಯಾರಿಗೂ ಹೇಳ್ಲಿಲ್ಲ?"

"ಹೇಳಲ್ಲ ಅಂತ ನಮ್ಮಪ್ಪ ವಜ್ರದ ಗಡಿಗೆ ಮುಟ್ಟಿ ಮಾತು ಕೊಟ್ಟಿದ್ದ."

"ಒಳ್ಳೇ ಮಾತು ಕೊಟ್ರು! ಅವರಿಗೆ ಬೆಳ್ಳಿಗಂಟಲು, ನಮಗೆ ಬಾಯಿಗೆ ಟೇಪು."

ಪುಟ್ಟಾಚಾರಿ ಮತ್ತೆ ಅವರೆಗೆ ಕೈ ಹಾಕಿದ. ಸೋಮ ದನಿ ತಗ್ಗಿಸಿದ. "ಒಂದು ಕೂಸು ಅಳ್ತಿತ್ತು ಅದರಲ್ಲಿ. ಒಂದು ಹೆಂಗಸು ಮಾತಾಡ್ತು."

ಕಾಳು ಪಾತ್ರೆಗೆ ಬೀಳಲಿಲ್ಲ. ನೆಲಕ್ಕೆ ಬಿತ್ತು.

ಪುಟ್ಟಾಚಾರಿಗೆ ಹತ್ತು ತಿಂಗಳಿದ್ದಾಗ ಅವನ ಅವ್ವ ಚೌಡಮ್ಮ ಜ್ವರ ಬಂದು ಹೋಗಿದ್ದಳು. ಒಂದು ಫೋಟೋ ಇಲ್ಲ, ಒಂದು ಸೀರೆಯ ತುಂಡಿಲ್ಲ. ಅವ್ವ ಎಂದರೆ ಅವನಿಗೆ ವರ್ಷಕ್ಕೊಮ್ಮೆ ಎಡೆಯಿಡುವ ಬಾಳೆಲೆ, ಅಷ್ಟೇ.

ಮರುದಿನ ಸೋಮ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದ. ಅವನು ರಾತ್ರಿಯೇ ಫೋನ್ ಮಾಡಿ ಹೇಳಿದ್ದರಿಂದ ವಸುಧಾ ಅವರಿಗಾಗಿಯೇ ಕಾಯುತ್ತಿದ್ದರು. ಮೇಜಿನ ಮೇಲೆ ರಾಯರ ಪತ್ರವಿತ್ತು: ಹೊರಗಿನ ದನಿಯ ಮುದ್ರಿಕೆ ಅಳಿಸತಕ್ಕದ್ದು, ಹಲಸಿನ ದಬ್ಬೆ ತೆಗೆದು ಸ್ಪ್ರೂಸ್ ದಬ್ಬೆಯನ್ನು ಮೂಕ ಅಂಟಿನಲ್ಲಿ ಕೂರಿಸತಕ್ಕದ್ದು.

"ನಿಯಮದ ಪ್ರಕಾರ ಒಳಗಿನ ದನಿ ವಾದ್ಯದ ಮಾಲೀಕರದ್ದು," ಎಂದರು ವಸುಧಾ, ಯಾರ ಕಣ್ಣನ್ನೂ ನೋಡದೆ. "ಹನ್ನೆರಡು ಗಂಟೆಗೆ ಅಳಿಸಬೇಕು. ಈಗ ಹತ್ತೂವರೆ. ಯಜಮಾನ್ರೇ, ಬನ್ನಿ, ಇಲ್ಲಿ ಕೂತ್ಕೊಳ್ಳಿ."

ಮುದುಕ ಆ ಮುದ್ರಿಕೆಯನ್ನು ಕೇಳಿದ. ಮತ್ತೆ ಕೇಳಿದ. ಆರನೆಯ ಸಲ ಆದ ಮೇಲೆ ಇನ್ನು ಸಾಕು ಎಂಬಂತೆ ಕೈ ಎತ್ತಿದ.

"ಇಷ್ಟು ಸಣ್ಣ ಹುಡುಗೀನಾ ನಮ್ಮವ್ವ?" ಎಂದ. "ನಾನು ಮುದುಕಿ ಅಂತ ಅಂದ್ಕೊಂಡಿದ್ದೆ."

ಅಪ್ಪನನ್ನು ಹೊರಗೆ ಕೂರಿಸಿ ಬಂದು ಸೋಮ ಬಾಯಿ ಹರಿಯಬಿಟ್ಟ. "ಕೇಳೋಕೆ ಯಂತ್ರ ಮಾಡಿದ್ರಿ ಮೇಡಂ, ಅದಕ್ಕೆ ಲೋಕವೆಲ್ಲ ಹಾರ ಹಾಕ್ತು. ಆ ಇಟಲಿ ಮುದುಕನ ಕೆಮ್ಮು ಶುದ್ಧ, ನಮ್ಮಜ್ಜಿ ನಗು ಕಲಬೆರಕೆ ಅಂತ ನಿಮ್ಮ ಯಂತ್ರ ಹೇಳ್ತಾ?"

"ಯಂತ್ರ ಹೇಳ್ಲಿಲ್ಲ ಸೋಮಾಚಾರ್ರೇ," ಎಂದರು ವಸುಧಾ. "ನಾವು ಹೇಳಿದ್ವಿ. ಆ ನಿಯಮದ ಕೆಳಗೆ ರುಜು ನಂದೇ ಇದೆ." ಬಾಗಿಲು ಮುಚ್ಚಿ ಬಂದು ಮುಂದುವರಿಸಿದರು: "ಮುದ್ರಿಕೆ ಅಳಿಸಿದ್ರೂ ದಬ್ಬೆ ಮೇಲಿನ ಅಂಟಲ್ಲಿ ದನಿ ಇನ್ನೂ ಇದೆ. ಈ ಯಂತ್ರದಲ್ಲಿ ಮತ್ತೆ ಓದೋಕಾಗಲ್ಲ. ಹತ್ತು ವರ್ಷಕ್ಕೆ ಇನ್ನೂ ಮೆದುವಾದ ಯಂತ್ರ ಬರಬಹುದು. ತೆಗೆದ ದಬ್ಬೆ ನಿಯಮದಲ್ಲಿ ಕಸ. ಕಸ ಯಾರು ಎತ್ಕೊಂಡು ಹೋದ್ರೂ ನಾನು ಕೇಳಲ್ಲ."

ದಬ್ಬೆ ತೆಗೆಯುವುದು ಒಂದು ಗಂಟೆಯ ಕೆಲಸ. ಬಿಸಿನೀರ ಹಬೆ ಹಿಡಿದರೆ ಅಂಟು ಕರಗಿ ತಾನೇ ಬಿಡುತ್ತದೆ. ಸೋಮ ಹಬೆ ಹಿಡಿಯಲಿಲ್ಲ. ಒಣ ಚಾಕು ಹಿಡಿದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಮೇಲ್ಹಲಗೆಗೂ ಅಂಟಿಗೂ ನಡುವೆ ಮೂರು ದಿನ ಕೊರೆದ. ಅಂಟೆಲ್ಲ ದಬ್ಬೆಯ ಜೊತೆ ಇಡಿಯಾಗಿ ಬಂತು. ಅದನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಮನೆಗೆ ತಂದು ಅಪ್ಪನ ಕೈಗಿಟ್ಟ. ಪುಟ್ಟಾಚಾರಿ ಅದನ್ನು ದಿಂಬಿನಡಿ ಇಟ್ಟುಕೊಂಡ.

ಸ್ಪ್ರೂಸ್ ದಬ್ಬೆ ಕೂತು ಬೆಳ್ಳಿಗಂಟಲಿಗೆ ಶುದ್ಧಪತ್ರ ಬಂತು. ಪುರಭವನ ತುಂಬಿತು. ಸೋಮ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ. ಪ್ರಹ್ಲಾದರಾಯರು ಕಮಾನು ಇಟ್ಟರು. ಬೆರಳು ಓಡಿತು, ಗಮಕ ಬಂತು, ಲೆಕ್ಕವೆಲ್ಲ ಸರಿ. ದನಿ ಮಾತ್ರ ನೆಗಡಿಯಾದವನು ಮಾತಾಡಿದ ಹಾಗೆ. ರಾಯರು ಶ್ರುತಿ ನೋಡಿದರು, ತಂತಿಯಡಿಯ ಕುದುರೆ ಸರಿಸಿದರು, ಬೆವರಿದರು. ಶುದ್ಧಪತ್ರವಿರುವ ಪಿಟೀಲಿನ ತಪ್ಪು ಎಂದು ಹೇಳುವ ಧೈರ್ಯ ಯಾರಿಗಿದೆ?

"ಪಾಪ, ರಾಯರಿಗೆ ವಯಸ್ಸಾಯ್ತು. ಕೈ ಬಿತ್ತು," ಎಂದು ಹೊರಗೆ ಕಾಫಿ ಹೀರುತ್ತ ಜನ ಆಡಿಕೊಂಡರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಐವತ್ತು ವರ್ಷದ ಹೆಸರು ಎರಡು ಗಂಟೆಯಲ್ಲಿ ಪುಡಿಯಾಯಿತು.

ನಾಲ್ಕನೆಯ ದಿನ ಮಧ್ಯಾಹ್ನ ರಾಯರು ಪಿಟೀಲಿನ ಪೆಟ್ಟಿಗೆ ಹಿಡಿದು ಸೋಮನ ಮನೆಯ ಬಾಗಿಲಲ್ಲಿ ನಿಂತಿದ್ದರು.

"ನನ್ನ ಕೈಯಲ್ಲ ಕಣಯ್ಯ ಆಚಾರಿ," ಎಂದರು. ಪೆಟ್ಟಿಗೆಯನ್ನು ಎದೆಗೊತ್ತಿಕೊಂಡರು. "ಆ ದಬ್ಬೆ... ಬಿಸಾಡಿಬಿಟ್ಟೆಯಾ?"

"ನೀವೇ ಬಿಸಾಡಿ ಅಂದ್ರಲ್ಲ ಸ್ವಾಮಿ."

"ಅಂದೆ."

ಇಂದ್ರಾಣಿ ಒಳಗಿಂದ ನೀರು ತಂದುಕೊಟ್ಟಳು. ರಾಯರು ಒಂದೇ ಗುಟುಕಿಗೆ ಕುಡಿದರು. ಸೋಮ ಬಾಗಿಲಿಗೆ ಅಡ್ಡ ನಿಂತೇ ಇದ್ದ. ಇಲ್ಲ ಎಂದುಬಿಡಬೇಕು, ಈ ಮನುಷ್ಯ ಇಳಿಬಿಸಿಲಲ್ಲಿ ಬಂದ ದಾರಿ ಹಿಡಿಯುವುದನ್ನು ಕಣ್ತುಂಬ ನೋಡಬೇಕು ಎಂದು ಅವನ ರಕ್ತವೆಲ್ಲ ಹೇಳುತ್ತಿತ್ತು. ದಬ್ಬೆ ಮತ್ತೆ ಕೂರಬೇಕಾದರೆ ಹಳೆಯ ಅಂಟನ್ನು ಬಿಸಿನೀರಲ್ಲಿ ತೊಳೆಯಬೇಕು. ತೊಳೆದರೆ ಅಜ್ಜಿ ಹೋದಳು. ಹತ್ತು ವರ್ಷವಲ್ಲ, ನೂರು ವರ್ಷಕ್ಕೂ ಸಿಗಲಾರಳು.

"ಕೊಡಲ್ಲ," ಎಂದ.

ಹಿಂದಿನಿಂದ ಪುಟ್ಟಾಚಾರಿಯ ದನಿ ಬಂತು. "ಬುದ್ಧೀ, ಒಳಗೆ ಬನ್ನಿ. ಸೋಮ, ಜರುಗು." ಅವನ ಕೈಯಲ್ಲಿ ಪಂಚೆಯ ತುಂಡಿತ್ತು.

"ಅಪ್ಪ, ಅದರಲ್ಲಿ ಅಜ್ಜಿ ಅವ್ಳೆ."

"ಗೊತ್ತು ಕಣಪ್ಪ. ಆರು ಸಲ ಕೇಳಿವ್ನಿ. ಬಾಯಿಪಾಠ ಆಗದೆ." ಮುದುಕ ಗಂಟು ಬಿಚ್ಚಿ ದಬ್ಬೆಯನ್ನು ಬೆಳಕಿಗೆ ಹಿಡಿದ. ಒಣಗಿದ ಅಂಟು ಜೇನಿನ ಬಣ್ಣದಲ್ಲಿ ಹೊಳೆಯಿತು. "ಆವತ್ತು ನಮ್ಮಪ್ಪ ನನ್ನ ಎತ್ಕೊಳ್ದೆ ಇದನ್ನ ಹಿಡ್ಕೊಂಡು ನಿಂತಿದ್ದ. ಇದನ್ನೀಗ ದಿಂಬಿನಡಿ ಇಟ್ಕೊಂಡು ನಾನು ಸತ್ರೆ, ಆವತ್ತು ನಾನು ಅತ್ತಿದ್ದೆಲ್ಲ ದಂಡ."

ಸೋಮ ಬಾಗಿಲು ಬಿಟ್ಟು ಸರಿದ. ರಾಯರ ಕಡೆ ತಿರುಗಿದ.

"ಕೂರಿಸ್ತೀನಿ. ಇಲ್ಲೇ, ನಮ್ಮಂಗಡೀಲೇ. ಬಾಯಿಗೆ ಟೇಪು ಹಾಕಲ್ಲ."

"ಪತ್ರ ಹೋಗುತ್ತೆ."

"ಹೋಗ್ಲಿ. ಇನ್ನೊಂದು. ಅಂಟು ಹೆಪ್ಪಾಗೋ ಹೊತ್ತಲ್ಲಿ ನೀವು ಮಾತಾಡಬೇಕು. ಏನಾಯ್ತು, ಯಾರು ಸರಿ ಮಾಡಿದ್ರು, ನಿಮ್ಮ ಬಾಯಲ್ಲೇ."

ರಾಯರು ನೆಲ ನೋಡಿದರು. ಪಿಟೀಲಿನ ಪೆಟ್ಟಿಗೆಯನ್ನು ಸೋಮನ ಕಡೆ ಸರಿಸಿದರು.

ಆರು ವರ್ಷದಿಂದ ಮುಚ್ಚಿದ್ದ ಅಂಗಡಿಯ ಬಾಗಿಲು ತೆಗೆದರು. ಇಂದ್ರಾಣಿ ಧೂಳು ಹೊಡೆದಳು. ಪುಟ್ಟಾಚಾರಿ ಜಟಕಾದ ಕಥೆಯನ್ನು ರಾಯರಿಗೂ ಹೇಳಿದ. ಗಡಿಗೆಯಲ್ಲಿ ಮರವಜ್ರ ನೆನೆದು, ಕರಗಿ, ಹಸಿ ಚರ್ಮದ ಆ ಹಳೆಯ ವಾಸನೆ ಏರಿತು. ಸೋಮ ಬೋಗುಣಿಯ ಬಿಸಿನೀರಿಗೆ ದಬ್ಬೆಯನ್ನು ಇಳಿಸುವ ಮುಂಚೆ ಅಪ್ಪನ ಮುಖ ನೋಡಿದ. ಅಪ್ಪ ತಾನೇ ಅದನ್ನು ಕೈಗೆ ತೆಗೆದುಕೊಂಡು ನೀರಿಗೆ ಬಿಟ್ಟ. ಕೂಸಿನ ಮೈ ತೊಳೆಯುವವನ ಹಾಗೆ ಹೆಬ್ಬೆರಳಿಂದ ಉಜ್ಜಿದ. ಜೇನಿನ ಬಣ್ಣ ನೀರಿನಲ್ಲಿ ಎಳೆಎಳೆಯಾಗಿ ಬಿಟ್ಟು, ನೀರು ಸ್ವಲ್ಪ ಮಸುಕಾಯಿತು. ಅಷ್ಟೇ.

ಆ ನೀರನ್ನು ಇಂದ್ರಾಣಿ ಚೆಲ್ಲಲಿಲ್ಲ. ಹಿತ್ತಿಲ ಕರಿಬೇವಿನ ಗಿಡದ ಬುಡಕ್ಕೆ ಹಾಕಿ ಬಂದಳು.

ದಬ್ಬೆ ಆರಿತು. ಸೋಮ ಅಂಟು ಹಚ್ಚಿದ, ಮೇಲ್ಹಲಗೆಯ ಒಳಮೈಗೆ ಒತ್ತಿದ, ಗೆಣ್ಣಿನಿಂದ ತಟ್ಟಿದ. ಟಕ್ ಟಕ್ ಟಕ್. ಟಕ್ ಟಕ್ ಟಕ್ ಟಕ್. ಕ್ಲಾಂಪು ಬಿಗಿಯುತ್ತ ರಾಯರ ಕಡೆ ನೋಡಿದ.

ರಾಯರು ಗಂಟಲು ಸರಿಮಾಡಿಕೊಂಡರು. ಅಂಚಿನಲ್ಲಿ ಹೊರಬಂದ ಅಂಟಿನ ಹನಿಯ ಮೇಲೆ ಕೆನೆ ಕಟ್ಟತೊಡಗಿತ್ತು.

"ಅಂಟು ಕಾಯಲ್ಲ ಬುದ್ಧೀ," ಎಂದ ಪುಟ್ಟಾಚಾರಿ.

"ಇದು... ನಮ್ಮ ತಾತನವರು ಕಾಶಿಯಿಂದ..." ರೂಢಿಯ ನಾಲಿಗೆ ರೂಢಿಯ ದಾರಿ ಹಿಡಿಯಿತು. ರಾಯರು ತಡೆದು ನಿಂತರು. ಕಣ್ಣು ಮುಚ್ಚಿಕೊಂಡರು. "ಇಲ್ಲ. ಜಟಕಾ ಮಗುಚಿ ಒಡೆದುಹೋಗಿತ್ತು. ಕಾಳಾಚಾರ್ರು ಸೇರಿಸಿದ್ರು. ಈ ದನಿ ಅವರು ಕೊಟ್ಟಿದ್ದು."

ಇನ್ನೂ ನಾಲ್ಕೈದು ಸೆಕೆಂಡು ಉಳಿದಿತ್ತು. ಸೋಮ ಆರು ವರ್ಷದಿಂದ ಟೇಪಿನೊಳಗೆ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಪಿಟೀಲಿನ ಹತ್ತಿರ ಬಾಗುವುದನ್ನು ಕಂಡು ಅವನು ಬಾಯಿ ಮುಚ್ಚಿಕೊಂಡ, ತಾನಾಗಿಯೇ.

ಪುಟ್ಟಾಚಾರಿ ಆ ಹಲಸಿನ ದಬ್ಬೆಯ ಕಿವಿಯಲ್ಲಿ ಹೇಳುವ ಹಾಗೆ ಮೆಲ್ಲಗೆ ಹೇಳಿದ:

"ಅಳ್ತದೆ ಕಣವ್ವ. ನನ್ಗಿಂತ ಚೆನ್ನಾಗೇ ಅಳ್ತದೆ."

ಅಂಟು ಹೆಪ್ಪುಗಟ್ಟಿತು.